‘ಮಾಡಗೊಟ್ಟವನು’ ಎನ್ನಬಹುದೇ? ಚಿತ್ರಹಿಂಸೆ, ಹೊಣೆಗಾರಿಕೆ ಪದಗಳ ಕುರಿತು

ಮಾನ್ಯರೆ,

ಜೂನ್ 26ನ್ನು ವಿಶ್ವಸಂಸ್ಥೆ ಚಿತ್ರಹಿಂಸೆಗೆ ತುತ್ತಾದವರ ಬೆಂಬಲದ ದಿನವೆಂದು ಗೊತ್ತುಮಾಡಿದೆ. ಅಂದು ಮೈಸೂರಿನಲ್ಲಿ ನಾವು ಕೆಲವರು ಹಂಚಬೇಕೆಂದಿರುವ ಕಿರುಹೊತ್ತಗೆಗೆ, ಯುದ್ಧಕಾಲದ ದೌರ್ಜನ್ಯಗಳನ್ನು ನ್ಯಾಯಾಲಯದವರೆಗೆ ಒಯ್ದ ಮಾನವ ಹಕ್ಕು ಸಂಘಟನೆಗಳ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯಲು ಕುಳಿತಾಗ ಪದಗಳು ಕೈಕೊಟ್ಟವು. ಬಲ್ಲವರ ನೆರವು ಬೇಕಾಗಿದೆ.

ಮೊದಲು ‘ಹೊಣೆಗಾರಿಕೆ’. ‘ಹೊಣೆಗಾರಿಕೆಗಾಗಿ ಒತ್ತಾಯ’ ಎಂಬ ತಲೆಬರಹವನ್ನು ನೆರೆಮನೆಯ ಹಿರಿಯರಿಗೆ ಓದಿ ಹೇಳಿದೆ. ಪಾಂಡವಪುರದ ಕಡೆಯವರು, ಬಹುಕಾಲ ಕಬ್ಬು ಬೆಳೆದವರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ, ‘ಹೊಣೆ ಅಂದ್ರೆ ಜಾಮೀನು ನಿಲ್ಲೋದಲ್ವೇನವ್ವ? ಸಾಲ ಮಾಡ್ದೋನು ಒಬ್ಬ, ಕಟ್ಟೋನು ಇನ್ನೊಬ್ಬ’ ಎಂದರು. ಅವರ ಮಾತು ನನ್ನನ್ನು ಬಿಡಲಿಲ್ಲ. ಹೊಣೆಯನ್ನು ಒಬ್ಬ ತಾನಾಗಿ ಹೊರುತ್ತಾನೆ. ಇಲ್ಲಿರುವುದಾದರೋ ಹೊರಲು ಒಲ್ಲದವನನ್ನು ಕಟಕಟೆಗೆ ತಂದು ನಿಲ್ಲಿಸಿ ಕೇಳುವ ಕೆಲಸ. ‘ಉತ್ತರದಾಯಿತ್ವ’ದಲ್ಲಿ ಆ ಅರ್ಥವಿದೆ, ಆದರೆ ಅದು ಆಡಳಿತದ ಸುತ್ತೋಲೆಗಳ ಮಾತಾಗಿಯೇ ಉಳಿದಿದೆ. ತಪ್ಪು ಮಾಡಿಯೂ ದಂಡನೆಯ ಭಯವಿಲ್ಲದೆ ಓಡಾಡುವ ಸ್ಥಿತಿಗೆ ನಾನು ‘ದಂಡನಾಭಯರಾಹಿತ್ಯ’ ಎಂದು ಬರೆದಿದ್ದೆ. ಅದರ ಅರ್ಥ ವಿವರಿಸಿದಾಗ ಅವರು ‘ಹೇಳೋರು ಕೇಳೋರು ಇಲ್ಲ ಅನ್ನಿ’ ಎಂದರು. ನಾನು ಆ ಪದವನ್ನು ಹೊಡೆದುಹಾಕಿ ಅವರ ಮಾತನ್ನೇ ಇಟ್ಟುಕೊಂಡಿದ್ದೇನೆ.

‘ಚಿತ್ರಹಿಂಸೆ’ಯದು ಬೇರೆಯೇ ತೊಡಕು. ಇಲ್ಲಿನ ‘ಚಿತ್ರ’ ಬರೆದ ಚಿತ್ರವಲ್ಲ, ಬಗೆಬಗೆಯದು ಎಂಬ ಅರ್ಥದ್ದು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮರಣದಂಡನೆ ಎರಡು ಬಗೆ: ನೇರವಾಗಿ ಕೊಲ್ಲುವುದು ‘ಶುದ್ಧ’, ಹಿಂಸಿಸಿ ಕೊಲ್ಲುವುದು ‘ಚಿತ್ರ’. ಅಲ್ಲಿ ಹಿಂಸಿಸುವ ಕೈ ರಾಜನ ಆಳಿನದು ಎಂಬುದರಲ್ಲಿ ಮುಚ್ಚುಮರೆಯಿಲ್ಲ. ಇಂದಿನ ಬಳಕೆಯಲ್ಲಿ ಆ ಕೈ ಕಾಣದಾಗಿದೆ. ಗಂಡನ ಮನೆಯವರು ಕೊಟ್ಟದ್ದೂ ಚಿತ್ರಹಿಂಸೆ, ಹಲ್ಲುನೋವೂ ಚಿತ್ರಹಿಂಸೆ. ಠಾಣೆಯಲ್ಲಿ ನಿಜವಾಗಿ ನಡೆದದ್ದಕ್ಕೆ ಮಾತ್ರ ಪತ್ರಿಕೆಗಳು ಆ ಪದವನ್ನು ಬಿಟ್ಟು, ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಣೆ ನಡೆಸಿದಾಗ ಬಾಯಿಬಿಟ್ಟಿದ್ದಾನೆ’ ಎಂದು ಬರೆಯುತ್ತವೆ. ಈ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ‘ಚಿತ್ರಹಿಂಸೆಗೆ ಒಳಗಾದರು’ ಎಂದು ಬರೆದರೂ ಅಷ್ಟೆ, ಹಿಂಸಿಸಿದವನು ವಾಕ್ಯದಿಂದಲೇ ತಪ್ಪಿಸಿಕೊಂಡುಬಿಡುತ್ತಾನೆ.

ವಿಶ್ವಸಂಸ್ಥೆ 1984ರಲ್ಲಿ ಅಂಗೀಕರಿಸಿದ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತಾದರೂ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಅದರ ಮೊದಲನೆಯ ವಿಧಿಯ ಪ್ರಕಾರ, ತಪ್ಪೊಪ್ಪಿಗೆ ಪಡೆಯಲು, ದಂಡಿಸಲು, ಬೆದರಿಸಲು ಅಥವಾ ತಾರತಮ್ಯದ ಕಾರಣದಿಂದ ಬೇಕೆಂದೇ ಕೊಟ್ಟ ತೀವ್ರ ನೋವು ಚಿತ್ರಹಿಂಸೆಯಾಗಬೇಕಾದರೆ, ಅದನ್ನು ಅಧಿಕಾರದಲ್ಲಿರುವವನು ತಾನೇ ಕೊಟ್ಟಿರಬೇಕು, ಇಲ್ಲವೇ ಪ್ರಚೋದಿಸಿ ಕೊಡಿಸಿರಬೇಕು, ಇಲ್ಲವೇ ಒಪ್ಪಿಯೋ ಕಂಡೂ ಸುಮ್ಮನಿದ್ದೋ ನಡೆಯಲು ಬಿಟ್ಟಿರಬೇಕು. ಈ ಮೂರನ್ನೂ ಹೇಳುವ ಶಕ್ತಿ ಕನ್ನಡದ ಕ್ರಿಯಾಪದಕ್ಕೇ ಇದೆ ಎಂದು ನನಗನ್ನಿಸುತ್ತದೆ: ಮಾಡಿದವನು, ಮಾಡಿಸಿದವನು, ಮಾಡಗೊಟ್ಟವನು.

ಈ ಭೇದ ಏಕೆ ಮುಖ್ಯವೆಂದರೆ, ಜರ್ಮನಿಯ ಕೋಬ್ಲೆಂಜ್ ನಗರದ ನ್ಯಾಯಾಲಯ 2022ರ ಜನವರಿ 13ರಂದು ಸಿರಿಯಾದ ಗುಪ್ತಚರ ಇಲಾಖೆಯ ಕರ್ನಲ್ ಆಗಿದ್ದ ಅನ್ವರ್ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು, ಮುಖ್ಯವಾಗಿ ಅವನು, ಬಂದಿಗಳಿಗೆ ಚಿತ್ರಹಿಂಸೆ ಕೊಡುತ್ತಿದ್ದ ಡಮಾಸ್ಕಸ್‌ನ ಅಲ್ ಖತೀಬ್ ಬಂಧನಕೇಂದ್ರದ ವಿಚಾರಣಾ ವಿಭಾಗದ ಮುಖ್ಯಸ್ಥನಾಗಿದ್ದ ಕಾರಣಕ್ಕೆ. ಅಲ್ಲಿಂದ ಬದುಕಿ ಬಂದು ಯುರೋಪಿನಲ್ಲಿ ನೆಲೆಸಿದವರನ್ನು ಸಿರಿಯಾದ ವಕೀಲರೂ ಬರ್ಲಿನ್ನಿನ ಮಾನವ ಹಕ್ಕು ಸಂಸ್ಥೆಯೊಂದೂ ಹುಡುಕಿ, ಸಾಕ್ಷಿ ನುಡಿಯಲು ಅವರ ಬೆನ್ನಿಗೆ ನಿಂತಿದ್ದರಿಂದ ಮೊಕದ್ದಮೆಗೆ ಬಲ ಬಂತು. ಹೊಡೆದ ಕೈ ಯಾರದೆಂದು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಿದ್ದ ಬಂದಿ ಹೇಗೆ ಹೇಳಿಯಾನು? ಯಾರ ಕೈಕೆಳಗೆ ಅದು ನಡೆಯಿತು ಎಂಬುದನ್ನಾದರೂ ಕೇಳಲು ದಾರಿ ಇರಬೇಕಲ್ಲವೇ? ಕೆಳಗಿನವರು ಮಾಡುವುದನ್ನು ತಿಳಿದೂ ತಡೆಯದ ಮೇಲಧಿಕಾರಿಯನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಆಧಾರವಾದ ರೋಮ್ ಶಾಸನದ 28ನೆಯ ವಿಧಿ ತಪ್ಪಿತಸ್ಥನೆನ್ನುತ್ತದೆ. ಇವನಿಗೆ ‘ಸಮ್ಮತಿಸಿದ’, ‘ನಿರ್ಲಕ್ಷಿಸಿದ’ ಎಂಬ ಎರಡೂ ಮಾತುಗಳು ಸಾಲವು. ಒಂದರಲ್ಲಿ ತಡೆಯಬಹುದಿತ್ತೆಂಬ ಧ್ವನಿಯಿಲ್ಲ, ಇನ್ನೊಂದು ಬರೀ ಮರೆವಿನಂತೆ ಕೇಳುತ್ತದೆ.

ನನ್ನ ಅನುಮಾನವಿರುವುದು ಬಳಕೆಯ ಬಗ್ಗೆ. ‘ಒಳಗೆ ಬರಗೊಡಲಿಲ್ಲ’, ‘ಮಾತಾಡಗೊಡಲಿಲ್ಲ’ ಎಂಬ ನಿಷೇಧರೂಪ ಬರವಣಿಗೆಯಲ್ಲಿ ಧಾರಾಳವಾಗಿದೆ. ‘ಮಾಡಗೊಟ್ಟ’, ‘ಹೊಡೆಯಗೊಟ್ಟ’ ಎಂಬ ನಿಷೇಧವಿಲ್ಲದ ರೂಪ ನನ್ನ ಕಿವಿಗೆ ಅಪರೂಪ. ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇದನ್ನು ಈಗಲೂ ಆಡುತ್ತಾರೆಯೇ? ಓದಿದ ಕೂಡಲೇ, ತಡೆಯುವ ಅಧಿಕಾರವಿದ್ದೂ ತಡೆಯದವನು ಎಂದೇ ತಿಳಿಯುತ್ತದೆಯೇ, ಅಥವಾ ‘ಮಾಡಿ ಕೊಟ್ಟವನು’ ಎಂದು ತಪ್ಪಾಗಿ ತಿಳಿಯುವ ಅಪಾಯವಿದೆಯೇ? ‘ಮಾಡಲು ಬಿಟ್ಟವನು’ ಎನ್ನುವುದೇ ಲೇಸೆಂದು ನೀವು ಹೇಳಿದರೆ ಹಾಗೆಯೇ ತಿದ್ದುತ್ತೇನೆ. ಹೊತ್ತಗೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನಗಳಿವೆ.