ಶೀತಲಗೃಹದ ಲಾಗ್ ಕಡತಗಳನ್ನು ದೂರದಿಂದ ನೋಡಲು ಸರ್ವರ್ ಹೇಗಿರಬೇಕು?

ಪ್ರಶ್ನೆ (ವಿಜಯಪುರ)

ತಿಕೋಟಾ ಸಮೀಪದ ನಮ್ಮ ಒಣದ್ರಾಕ್ಷಿ ಶೀತಲಗೃಹದಲ್ಲಿ ವಿಂಡೋಸ್ 10 ಕಂಪ್ಯೂಟರೊಂದು ನಾಲ್ಕು ಕೋಣೆಗಳ ಉಷ್ಣಾಂಶವನ್ನು ನಿಮಿಷಕ್ಕೊಮ್ಮೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಕಡತದಲ್ಲಿ ಬರೆದಿಡುತ್ತದೆ. ಅಲ್ಲಿರುವುದು 4ಜಿ ಸಿಮ್ ಹಾಕಿದ ರೌಟರ್. ಬೇಸಿಗೆಯಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಫೋಲ್ಡರನ್ನು ಶೇರ್ ಮಾಡಿ ರೌಟರಿನಲ್ಲಿ 445ನೇ ಪೋರ್ಟ್ (ವಿಂಡೋಸ್ ಫೈಲ್ ಶೇರಿಂಗ್ ಬಳಸುವ ದ್ವಾರ) ತೆರೆದರೆ ಮನೆಯಿಂದಲೇ ನೋಡಬಹುದೆಂದು ಪರಿಚಿತರೊಬ್ಬರು ಹೇಳಿದ್ದರಿಂದ ಹಾಗೆಯೇ ಮಾಡಿದೆ, ಆದರೆ ಹೊರಗಿನಿಂದ ಸಂಪರ್ಕ ಸಿಗುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ 1 (ಬೆಳಗಾವಿ)

ಸಂಪರ್ಕ ಸಿಗದಿದ್ದುದು ನಿಮ್ಮ ಪುಣ್ಯ. ಆ ಪೋರ್ಟನ್ನು ಇಂದೇ ಮುಚ್ಚಿರಿ. 2017ರಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದೇ ಫೈಲ್ ಶೇರಿಂಗ್ ವ್ಯವಸ್ಥೆಯ ದೋಷದ ಮೂಲಕ. ಮೊಬೈಲ್ ಸಿಮ್‌ನಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಸಾಮಾನ್ಯವಾಗಿ ಅನೇಕ ಗ್ರಾಹಕರು ಹಂಚಿಕೊಂಡಿರುವುದರಿಂದ, ಹೊರಗಿನಿಂದ ಒಳಗೆ ಬರಲು ಹೆಣಗುವುದಕ್ಕಿಂತ ಒಳಗಿನಿಂದಲೇ ಕಡತವನ್ನು ಹೊರಗೆ ಕಳುಹಿಸುವುದು ಸುಲಭ.

ಬಾಡಿಗೆಗೆ ಸಿಗುವ ಚಿಕ್ಕ ಲಿನಕ್ಸ್ ಸರ್ವರಿನಲ್ಲಿ ಎಸ್‌ಎಫ್‌ಟಿಪಿ (ಕಡತಗಳನ್ನು ಸುರಕ್ಷಿತವಾಗಿ ಕಳುಹಿಸುವ ವಿಧಾನ) ಮಾತ್ರ ಬಳಸಬಲ್ಲ ಒಂದು ಖಾತೆ ತೆರೆದು, ಅದನ್ನು ಕ್ರೂಟ್ (chroot) ಎಂಬ ಸೌಲಭ್ಯದ ಮೂಲಕ ಒಂದೇ ಫೋಲ್ಡರಿಗೆ ಸೀಮಿತಗೊಳಿಸಿರಿ. ಆ ಫೋಲ್ಡರಿನ ಒಡೆತನ ರೂಟ್ ಬಳಕೆದಾರನಲ್ಲೇ (ಸರ್ವರಿನ ಮುಖ್ಯ ಆಡಳಿತಗಾರನ ಖಾತೆಯಲ್ಲೇ) ಇರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಕೂಡದು. ಕಡತ ಬೀಳುವುದಕ್ಕೆ ಅದರೊಳಗೆ ಇನ್ನೊಂದು ಫೋಲ್ಡರ್ ಬೇಕು. ಇದೊಂದು ತಿಳಿಯದೆ ನಾನು ಒಂದು ಇಡೀ ರಾತ್ರಿ ಕಳೆದಿದ್ದೇನೆ. ವಿಂಡೋಸ್ 10ರಲ್ಲಿ 2018ರಿಂದಲೇ ಎಸ್‌ಎಫ್‌ಟಿಪಿಯಲ್ಲಿ ಕಳುಹಿಸಲು ಬೇಕಾದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ ಬರುತ್ತದೆ. ಪಾಸ್‌ವರ್ಡ್ ಬದಲು ಕೀ (ಗುರುತು ದೃಢಪಡಿಸುವ ಗುಪ್ತ ಕಡತ) ಬಳಸಿ, ನಿಗದಿತ ಸಮಯಕ್ಕೆ ಕೆಲಸ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಿಂದ ಐದು ನಿಮಿಷಕ್ಕೊಮ್ಮೆ ಕಳುಹಿಸಿರಿ. ಯಾರೂ ಲಾಗಿನ್ ಆಗದಿದ್ದರೂ ಆ ಕೆಲಸ ನಡೆಯುವಂತೆ ಹೊಂದಿಸಿದರೆ ಕರೆಂಟ್ ಬಂದು ಕಂಪ್ಯೂಟರ್ ಶುರುವಾದ ಮೇಲೆ ತಾನೇ ಮುಂದುವರಿಯುತ್ತದೆ. ದಿನಕ್ಕೊಂದು ಕಡತವಾದರೆ 1440 ಸಾಲು. ಡೇಟಾ ಖರ್ಚು ಲೆಕ್ಕಕ್ಕೇ ಬಾರದು.

ಉತ್ತರ 2 (ಬಾಗಲಕೋಟೆ)

ಮೇಲಿನ ಉತ್ತರ ಸರಿಯಾಗಿದೆ, ಆದರೆ ಕಡತ ತಲುಪಿದ ಮಾತ್ರಕ್ಕೆ ಮೇಲ್ವಿಚಾರಣೆ ನಡೆದಂತಾಗುವುದಿಲ್ಲ. ಕರೆಂಟ್ ಹೋದಾಗ ಅಲ್ಲಿನ ಕಂಪ್ಯೂಟರೇ ಆರಿಹೋಗುವುದರಿಂದ ಎಚ್ಚರಿಕೆ ಕೊಡುವ ಕೆಲಸ ಸರ್ವರಿನದಾಗಬೇಕು. ಕಡತದ ಸಮಯ ಹಳೆಯದಾದರೆ ಸಂದೇಶ ಕಳುಹಿಸುವ ಸ್ಕ್ರಿಪ್ಟನ್ನು ಕ್ರಾನ್‌ನಲ್ಲಿ (ಲಿನಕ್ಸ್‌ನಲ್ಲಿ ನಿಗದಿತ ಸಮಯಕ್ಕೆ ಕೆಲಸ ನಡೆಸುವ ವ್ಯವಸ್ಥೆ) ಹಾಕುವುದು ವಾಡಿಕೆ, ಆದರೆ ನಿಮ್ಮಲ್ಲಿ ಅದು ಮೋಸ ಮಾಡುತ್ತದೆ: ಉಷ್ಣಾಂಶ ಬರೆಯುವ ತಂತ್ರಾಂಶ ಸ್ಥಗಿತಗೊಂಡರೂ ಶೆಡ್ಯೂಲರ್ ಅದೇ ಹಳೆಯ ಕಡತವನ್ನು ಮತ್ತೆ ಮತ್ತೆ ಕಳುಹಿಸುತ್ತದೆ, ಸರ್ವರ್ ಅದಕ್ಕೆ ಪ್ರತಿ ಸಲವೂ ಹೊಸ ಸಮಯ ಹಾಕುತ್ತದೆ. ಆದ್ದರಿಂದ ಕೊನೆಯ ಸಾಲಿನೊಳಗಿನ ಸಮಯವನ್ನೇ ಓದಿ ಹೋಲಿಸಿರಿ. ಬಾಡಿಗೆ ಸರ್ವರಿನ ಗಡಿಯಾರ ಹೆಚ್ಚಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ; ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎಚ್ಚರಿಕೆ ಬರಬೇಕಾದಾಗ ಬರುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪೋರ್ಟ್ ಮುಚ್ಚಿದ್ದೇನೆ, ಕಡತಗಳು ಬರುತ್ತಿವೆ. ಹತ್ತು ನಿಮಿಷದ ಮಿತಿ ಇಟ್ಟು, ಉಷ್ಣಾಂಶ ಬರೆಯುವ ತಂತ್ರಾಂಶವನ್ನು ಬೇಕೆಂದೇ ನಿಲ್ಲಿಸಿ ನೋಡಿದೆ. ಮೊದಲ ಸಲ ಸಂದೇಶ ಬರಲೇ ಇಲ್ಲ, ಕಾರಣ ನೀವು ಹೇಳಿದ ಐದೂವರೆ ಗಂಟೆಯೇ. ಸರಿಪಡಿಸಿದ ಮೇಲೆ ಹನ್ನೆರಡನೆಯ ನಿಮಿಷಕ್ಕೆ ಮೊಬೈಲ್ ಸದ್ದು ಮಾಡಿತು. ಕಾವಲುಗಾರರು ಗಂಟೆಗೊಮ್ಮೆ ಬರೆಯುವ ಪುಸ್ತಕವನ್ನು ಈ ಹಂಗಾಮು ಮುಗಿಯುವವರೆಗೆ ಹಾಗೆಯೇ ಮುಂದುವರಿಸುತ್ತೇನೆ.