ಮಗನ ಹೊಟ್ಟೆನೋವು ಬಲಗಡೆಗೆ ಬಂದಿದೆ, ಗ್ಯಾಸಾ, ಅಪೆಂಡಿಕ್ಸಾ?

ಪಾಂಡವಪುರದ ತಾಯಿ:
ಮಗನಿಗೆ 13 ವರ್ಷ. ನಿನ್ನೆ ರಾತ್ರಿ ಹೊಕ್ಕಳ ಸುತ್ತ ನೋವು ಅಂದ, ಮುದ್ದೆ ಮುಟ್ಟಲಿಲ್ಲ. ಬೆಳಗಿನ ಜಾವ ವಾಂತಿ ಆಯಿತು. ಈಗ ನೋವು ಬಲಗಡೆ ಕೆಳಗೆ ಬಂದಿದೆ ಅಂತಾನೆ. ಮೈ ಸ್ವಲ್ಪ ಬಿಸಿ ಇದೆ. ಅತ್ತೆ ಗ್ಯಾಸ್ ಅಂತಾರೆ, ಹರಳೆಣ್ಣೆ ಕುಡಿಸಿ ಹೊಟ್ಟೆ ನೀವೋಣ ಅಂತಾರೆ. ಸಂಜೆವರೆಗೆ ಕಾಯಬಹುದಾ?

ಮದ್ದೂರಿನವನು:
ಕಾಯಬೇಡಿ ಅಕ್ಕ. ನನ್ನ ತಮ್ಮನಿಗೂ ಹೀಗೇ ಶುರುವಾಗಿತ್ತು. ಆಟೋ ಹಂಪ್ ಹತ್ತಿ ಇಳಿದಾಗಲೆಲ್ಲ ಚೀರುತ್ತಿದ್ದ.

ನಿವೃತ್ತ ನರ್ಸ್, ಮಂಡ್ಯ:
ಹರಳೆಣ್ಣೆ ಬೇಡವೇ ಬೇಡ ಕಣಮ್ಮ. ನೀವೋದೂ ಬೇಡ, ಬಿಸಿನೀರಿನ ಶಾಖವೂ ಬೇಡ. ಅಪೆಂಡಿಕ್ಸ್ ಊದಿಕೊಂಡಿದ್ದರೆ ಭೇದಿ ಮಾಡಿಸಿದಾಗ ಅದು ಒಡೆಯುವ ಭಯ ಇರುತ್ತದೆ.

ನಾನು ಬಹಳ ವರ್ಷ ಸರ್ಜರಿ ವಾರ್ಡಿನಲ್ಲಿದ್ದವಳು. ಇಲ್ಲಿ ಕೂತು ಇದೇ ಕಾಯಿಲೆ ಅಂತ ಹೇಳಲಾರೆ. ಆದರೆ ನೀವು ಬರೆದ ಕ್ರಮ ಓದಿ ಗಾಬರಿಯಾಯಿತು. ಮೊದಲು ಹೊಕ್ಕಳ ಸುತ್ತ ನೋವು, ಊಟ ಬೇಡ, ವಾಂತಿ, ಆಮೇಲೆ ನೋವು ಬಲಗಡೆ ಕೆಳಗೆ, ಸಣ್ಣ ಜ್ವರ. ಅಪೆಂಡಿಕ್ಸ್ ಬಹಳ ಸಲ ಹೀಗೇ ಬರುತ್ತದೆ. ಗ್ಯಾಸ್ ನೋವು ಅಲ್ಲಿ ಇಲ್ಲಿ ಓಡಾಡುತ್ತದೆ, ಗಾಳಿ ಹೋದರೆ ಹಗುರಾಗುತ್ತದೆ. ಅಪೆಂಡಿಕ್ಸ್ ನೋವು ಬಲಗಡೆಗೆ ಬಂದಮೇಲೆ ಅಲ್ಲೇ ಕೂತು ಜಾಸ್ತಿಯಾಗುತ್ತಾ ಹೋಗುತ್ತದೆ.

ಬಲಗಡೆ ಸೊಂಟದ ಮೂಳೆಯ ತುದಿಯಿಂದ ಹೊಕ್ಕಳಿಗೆ ಒಂದು ಗೆರೆ ಅಂದುಕೊಳ್ಳಿ. ಮೂಳೆ ಕಡೆಯಿಂದ ಮೂರನೇ ಒಂದು ಭಾಗ ಬಂದರೆ ಸಿಗುವ ಜಾಗವೇ ಮುಖ್ಯ. ಅಮೆರಿಕದ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ್ದು. ಡಾಕ್ಟರು ಈಗಲೂ ಅಲ್ಲೇ ಬೆರಳಿಟ್ಟು ನೋಡುತ್ತಾರೆ. ನೀವು ಸುಮ್ನೆ ಒತ್ತಿ ಒತ್ತಿ ನೋಡಬೇಡಿ. ಒಂದು ಸಲ ಕೆಮ್ಮಲು ಹೇಳಿ, ಅವನ ಕೈ ಎಲ್ಲಿಗೆ ಹೋಗುತ್ತದೆ ನೋಡಿ, ಸಾಕು. ವಾರ್ಡಿಗೆ ಬರುತ್ತಿದ್ದ ಮಕ್ಕಳು ಬಲಗಡೆ ಕೈ ಹಿಡಿದು, ಬಗ್ಗಿಕೊಂಡು, ಸಣ್ಣ ಹೆಜ್ಜೆ ಇಡುತ್ತಿದ್ದರು. ಮಲಗಿಸಿದರೆ ಬಲಗಾಲು ಮಡಚಿಕೊಳ್ಳುತ್ತಿದ್ದರು, ಚಾಚು ಅಂದರೆ ಅಳು.

ಪುಟ್ಟ ಮಕ್ಕಳು, ವಯಸ್ಸಾದವರು, ಬಸುರಿಯರಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅವರ ವಿಷಯದಲ್ಲಿ ಇನ್ನೂ ಬೇಗ ತೋರಿಸಬೇಕು.

ಇನ್ನೊಂದು ಮಾತು. ನೋವು ತಟ್ಟನೆ ಇಳಿದರೆ ವಾಸಿಯಾಯಿತು ಅಂತ ಮನೆಗೆ ತಿರುಗಬೇಡಿ. ಒಡೆದಾಗಲೂ ಸ್ವಲ್ಪ ಹೊತ್ತು ಹಾಗೆ ಹಗುರಾಗಬಹುದು. ಆಮೇಲೆ ಹೊಟ್ಟೆಯೆಲ್ಲ ಗಟ್ಟಿಯಾಗಿ ಜ್ವರ ಏರುತ್ತದೆ. ಅದು ಜೀವಕ್ಕೇ ಅಪಾಯ.

ಪಾಂಡವಪುರದ ತಾಯಿ:
ಕೆಮ್ಮಿಸಿದೆ ಅಮ್ಮ, ಕೈ ನೀವು ಹೇಳಿದ ಜಾಗಕ್ಕೇ ಹೋಯಿತು. ಅತ್ತೆಗೂ ಓದಿ ಹೇಳಿದೆ, ಅವರೂ ಹೊರಟಿದ್ದಾರೆ. ಬಾಯಾರಿಕೆ ಅಂತಿದ್ದಾನೆ, ಎಳನೀರು ಕೊಡಲಾ?

ನಿವೃತ್ತ ನರ್ಸ್, ಮಂಡ್ಯ:
ಬೇಡಮ್ಮ, ತುಟಿ ಒದ್ದೆ ಮಾಡಿ ಅಷ್ಟೇ. ಆಪರೇಷನ್ ಬೇಕು ಅಂದರೆ ಹೊಟ್ಟೆ ಖಾಲಿ ಇರಬೇಕು. ಕೊನೆಗೆ ಎಷ್ಟು ಗಂಟೆಗೆ ಏನು ತಿಂದ, ಯಾವ ಮಾತ್ರೆ ಕೊಟ್ಟಿರಿ, ಡಾಕ್ಟರಿಗೆ ಹೇಳಿ. ರಕ್ತ, ಮೂತ್ರ ಪರೀಕ್ಷೆ ಮಾಡಿ ಸ್ಕ್ಯಾನ್ ಮಾಡುತ್ತಾರೆ. ಸರ್ಜನ್ ಇರುವ ಕಡೆಗೇ ಹೋಗಿ, ಮಂಡ್ಯದ ಮಿಮ್ಸ್ ಆದರೂ ಸರಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆದರೂ ಸರಿ. ಬೈಕಿನಲ್ಲಿ ಕೂರಿಸಬೇಡಿ. ಕಾರು ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.