ಅಪ್‌ಡೇಟ್: 1972ರ ಎಂಜಿಬಿ ರೋಡ್‌ಸ್ಟರ್, ವೆಬರ್ ಬೇಕೇ ಬೇಡವೇ?

ಇಂಗ್ಲೆಂಡಿನಲ್ಲಿ ನನ್ನ ಬಳಿ ಇರುವ 1972ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಅವಳಿ ಎಸ್‌ಯು ಕಾರ್ಬ್ಯುರೇಟರ್‌ಗಳನ್ನು (ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗಗಳು) ತೆಗೆದು ವೆಬರ್ ಎಂಬ ಬೇರೆ ಕಂಪನಿಯ ಕಾರ್ಬ್ಯುರೇಟರ್ ಹಾಕಿಸುವುದೋ, ಸಸ್ಪೆನ್ಷನ್ ಕೆಲಸವನ್ನೇ ಮೊದಲು ಮಾಡಿಸುವುದೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ವೆಬರ್ ವಿಚಾರವನ್ನು ಕೈಬಿಟ್ಟಿದ್ದೇನೆ. ಈ 1798 ಸಿಸಿ ಎಂಜಿನ್ನಿನ ಹೆಡ್ಡಿನಲ್ಲಿ (ಸಿಲಿಂಡರುಗಳ ಮೇಲೆ ಕೂರುವ ಭಾಗ) ನಾಲ್ಕು ಸಿಲಿಂಡರುಗಳಿಗೂ ಸೇರಿ ಒಳಹರಿವಿನ ದ್ವಾರಗಳು ಎರಡೇ ಇರುವುದರಿಂದ, ಹೆಡ್ಡನ್ನು ಮುಟ್ಟದೆ ಕಾರ್ಬ್ಯುರೇಟರ್ ಮಾತ್ರ ಬದಲಿಸಿದರೆ ಖರ್ಚಿಗೆ ತಕ್ಕ ಲಾಭವಿಲ್ಲ. ಮೇಲಾಗಿ, ಐಡ್ಲಿಂಗಿನಲ್ಲಿ ಥ್ರಾಟಲ್ ಸ್ಪಿಂಡಲ್ಲಿನ (ಕಾರ್ಬ್ಯುರೇಟರಿನ ಗಾಳಿ ಕವಾಟವನ್ನು ತಿರುಗಿಸುವ ಸರಳು) ತುದಿಗೆ ಕಾರ್ಬ್ ಕ್ಲೀನರ್ ಸಿಂಪಡಿಸಿದಾಗ ಎಂಜಿನ್ನಿನ ಸದ್ದೇ ಬದಲಾಯಿತು. ಎಂದರೆ ಸವೆದ ಜಾಗದಿಂದ ಗಾಳಿ ನುಗ್ಗುತ್ತಿದೆ. ಆದ್ದರಿಂದ ಹಳೆಯ ಎಸ್‌ಯುಗಳಿಗೇ ಹೊಸ ಸ್ಪಿಂಡಲ್, ಅದು ತಿರುಗುವ ಬುಷ್ ಹಾಕಿಸುತ್ತಿದ್ದೇನೆ.

ಇನ್ನು ಸಸ್ಪೆನ್ಷನ್: ಹಿಂಭಾಗದ ಲಿವರ್ ಡ್ಯಾಂಪರ್‌ಗಳ (ತೋಳಿನ ಮೂಲಕ ಕುಲುಕಾಟ ತಗ್ಗಿಸುವ ಹಳೆಯ ಮಾದರಿಯ ಶಾಕ್ ಅಬ್ಸಾರ್ಬರ್) ಜಾಗಕ್ಕೆ ಕೊಳವೆಯಾಕಾರದ ಟೆಲಿಸ್ಕೋಪಿಕ್ ಡ್ಯಾಂಪರ್‌ಗಳು ಬರಲಿವೆ. ಮುಂಭಾಗದಲ್ಲಿ ಡ್ಯಾಂಪರಿನ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳೂ ಆಗಿರುವುದರಿಂದ ಅಲ್ಲಿ ಮೂಲದವನ್ನೇ ರಿಪೇರಿ ಮಾಡಿಸಿ ಉಳಿಸಿಕೊಳ್ಳುತ್ತೇನೆ. (ನೋಡಲೂ ಅವೇ ಚೆಂದ ಎಂಬುದು ನನ್ನ ಪಕ್ಷಪಾತ.)

2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಇರುವ ಕಾರಣ, ರಬ್ಬರ್ ಪೈಪುಗಳೆಲ್ಲವನ್ನೂ ಎಥೆನಾಲ್ ತಾಳುವಂಥವಕ್ಕೆ ಬದಲಿಸುವ ಕೆಲಸ ಎಲ್ಲಕ್ಕಿಂತ ಮೊದಲು ನಡೆಯಲಿದೆ. ಹೆಡ್ ಬಿಚ್ಚುವ ಸಂದರ್ಭ ಬಂದರೆ ಆಗ ಸೀಸವಿಲ್ಲದ ಪೆಟ್ರೋಲನ್ನು ತಾಳುವ ಗಡಸು ವಾಲ್ವ್ ಸೀಟ್‌ಗಳನ್ನೂ ಹಾಕಿಸುತ್ತೇನೆ.